ಕಾಕ್‌ಟೇಲ್ ಮತ್ತು ಅಜ್ಜನ ಮೂಗು

ಏಪ್ರಿಲ್ ಎರಡನೇ ವಾರ ಬೆಂಗಳೂರಿನಿಂದ ಮೊಮ್ಮಕ್ಕಳು ಬಂದಿಳಿದರು. ಏಳನೇ ತರಗತಿಗೆ ಹೋಗಲಿರುವ ಅನ್ವಿತಾ, ಮೂರನೆಯದಕ್ಕೆ ಹೋಗಲಿರುವ ಶ್ರೇಯಸ್. ಮರುದಿನ ಮಲ್ಲಿಕಟ್ಟೆ ಮಾರ್ಕೆಟಿಗೆ ಹೋಗಿ ಬರುವಾಗ ಒಂದು ಜ್ಯೂಸ್ ಅಂಗಡಿಯ ಬೋರ್ಡಿನ ಮುಂದೆ ಶ್ರೇಯಸ್ ಕಂಬದ ಹಾಗೆ ನಿಂತುಬಿಟ್ಟ.

"ಅಜ್ಜಿ, ಕಾಕ್ ಅಂದ್ರೆ ಹುಂಜ. ಟೇಲ್ ಅಂದ್ರೆ ಬಾಲ. ಹುಂಜದ ಬಾಲ ಹಾಕ್ತಾರಾ ಇದಕ್ಕೆ?"

ಜ್ಯೂಸ್ ಅಂಗಡಿಯ ಹುಡುಗ ನಕ್ಕು ನಕ್ಕು ಮಿಕ್ಸಿ ಬಂದ್ ಮಾಡಿದ. ಕಾಕ್‌ಟೇಲ್ ಎಂಬ ಹೆಸರು ಕೇಳಿ ಕೆಲವು ಹಿರಿಯರ ಹುಬ್ಬು ಮೇಲೇರುವುದುಂಟು. ಗಾಬರಿ ಬೇಡ. ನಮ್ಮ ಊರಿನ ಜ್ಯೂಸ್ ಅಂಗಡಿಗಳಲ್ಲಿ ಕಾಕ್‌ಟೇಲ್ ಅಂದರೆ ಬಪ್ಪಂಗಾಯಿ, ಬೇಯಿಸಿದ ಕ್ಯಾರೆಟ್, ಮಂಜುಗಡ್ಡೆಯಂತಾದ ಹಾಲು ಹಾಕಿ ತಿರುಗಿಸಿ, ಮೇಲೆ ದಾಳಿಂಬೆ, ಗೇರುಬೀಜ ಉದುರಿಸಿ ಕೊಡುವ ದಪ್ಪನೆಯ ಪಾನೀಯ. ಅದರಲ್ಲಿ ಹೆಂಡವೂ ಇಲ್ಲ, ಹುಂಜವೂ ಇಲ್ಲ.

"ಬಪ್ಪಂಗಾಯಿ ಅಂದ್ರೆ?" ಅಂದಳು ಅನ್ವಿತಾ.

"ನಿಮ್ಮ ಪರಂಗಿ ಹಣ್ಣು ಮಾರಾಯ್ತಿ."

ಇದು ನಮ್ಮಲ್ಲಿ ಪ್ರತಿ ರಜೆಯ ಪಾಠ. ಅವರ ಸೀಬೆ ನಮ್ಮ ಪೇರಳೆ. ಅವರ ಎಳನೀರು ನಮ್ಮ ಬೊಂಡ. ಕಳೆದ ವರ್ಷ "ಬೊಂಡ ಕುಡಿಯುವಾ" ಎಂದಾಗ ಶ್ರೇಯಸ್, "ಎಣ್ಣೆಯಲ್ಲಿ ಕರಿದದ್ದನ್ನು ಹೇಗೆ ಕುಡಿಯೋದು?" ಎಂದು ಕಣ್ಣು ಬಿಟ್ಟಿದ್ದ.

ನಮ್ಮ ಮನೆಯಲ್ಲಿ ಒಂದು ರೂಢಿ ಉಂಟು. ಮಕ್ಕಳು ಪಾಸಾಗಿ ಬಂದ ವಾರ ಅಜ್ಜ ಎಲ್ಲರನ್ನೂ ಹಂಪನಕಟ್ಟೆಗೆ ಕರೆದುಕೊಂಡು ಹೋಗಿ ಗಡ್‌ಬಡ್ ಕೊಡಿಸಬೇಕು. ಪ್ರಭಾಕರ ಕಾಮತರು ಅಲ್ಲಿ ಐಡಿಯಲ್ ಐಸ್‌ಕ್ರೀಂ ಶುರು ಮಾಡಿದ್ದು 1975ರಲ್ಲಿ. ಉದ್ದನೆಯ ಗಾಜಿನ ಲೋಟ, ಅದರೊಳಗೆ ಪದರ ಪದರವಾಗಿ ಜೆಲ್ಲಿ, ಹಣ್ಣು, ಐಸ್‌ಕ್ರೀಂ, ಗೇರುಬೀಜ, ಲೋಟಕ್ಕಿಂತ ಉದ್ದದ ಚಮಚ. ಗಡ್‌ಬಡ್ ಮೊದಲು ಹುಟ್ಟಿದ್ದು ತಮ್ಮ ಡಯಾನಾ ಹೋಟೆಲಿನಲ್ಲಿ ಎಂದು ಉಡುಪಿಯವರು ಹೇಳುತ್ತಾರೆ, ಮಂಗಳೂರಿನವರು ಒಪ್ಪುವುದಿಲ್ಲ. ನಾನು ತವರಿಗೆ ಹೋದಾಗ ಉಡುಪಿಯ ಪಕ್ಷ, ಇಲ್ಲಿ ಬಂದಾಗ ಮಂಗಳೂರಿನ ಪಕ್ಷ.

ಈ ಸಲ ಅಜ್ಜ ಏಳಲಿಲ್ಲ. "ನೀವು ಹೋಗಿ ಬನ್ನಿ. ನನಗೆ ಬೇಡ" ಎಂದು ಪೇಪರ್ ಮಡಚಿ ಗೋಡೆ ಕಡೆ ತಿರುಗಿದರು.

ಮಕ್ಕಳ ಮುಖ ಸಣ್ಣದಾಯಿತು. ನನಗೆ ಆಶ್ಚರ್ಯವೇನೂ ಆಗಲಿಲ್ಲ. ಜನವರಿಯಲ್ಲಿ ಇವರಿಗೆ ಒಂದು ಶೀತಜ್ವರ ಬಂದು ಹೋಗಿತ್ತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ಆದರೆ ಊಟದ ಮೇಲಿನ ಮನಸ್ಸು ತಿರುಗಿ ಬರಲಿಲ್ಲ. ಏನು ಬಡಿಸಿದರೂ ಎರಡು ತುತ್ತು ತಿಂದು "ಸಪ್ಪೆ" ಅನ್ನುವುದು. ಸಾರಿಗೆ ಮೇಲಿಂದ ಉಪ್ಪು ಹಾಕಿಕೊಳ್ಳುವುದು, ಬಿ.ಪಿ. ಇರುವವರು! ನೀರ್‌ದೋಸೆಗೂ ಮಿಡಿ ಉಪ್ಪಿನಕಾಯಿ. ಕೊದ್ದೆಲು ಮಾಡಿದರೆ "ಇದೆಂತ, ಬಿಸಿನೀರಾ?" ಎಂದದ್ದೂ ಉಂಟು. ನಲವತ್ತೊಂದು ವರ್ಷ ನನ್ನ ಕೈಯಡುಗೆ ತಿಂದವರು ಹಾಗೆ ಹೇಳಿದರೆ ಹೇಗಾಗುತ್ತದೆ ಎಂದು ಅಜ್ಜಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಚ್ ಹೊತ್ತಿಗೆ ನಾನು "ಹೇಗುಂಟು?" ಎಂದು ಕೇಳುವುದನ್ನೇ ಬಿಟ್ಟಿದ್ದೆ. ಬಡಿಸಿ ಒಳಗೆ ಹೋಗುತ್ತಿದ್ದೆ. ಇವರು ತೂಕ ಇಳಿದು, ಅಂಗಿಯ ಕಾಲರು ಕುತ್ತಿಗೆಯಿಂದ ದೂರ ನಿಲ್ಲುವಂತಾಗಿತ್ತು. ಅದು ನನ್ನ ಕಣ್ಣಿಗೆ ಬಿದ್ದಿತ್ತು, ಆದರೆ ಸಿಟ್ಟು ಕಣ್ಣಿಗಿಂತ ದೊಡ್ಡದಿತ್ತು.

ಮಕ್ಕಳು ತಾವೇ ಒಂದು ತೀರ್ಮಾನಕ್ಕೆ ಬಂದರು. ಅಜ್ಜ ಹಂಪನಕಟ್ಟೆಗೆ ಬಾರದಿದ್ದರೆ ಹಂಪನಕಟ್ಟೆಯನ್ನೇ ಮನೆಗೆ ತರುವುದು, ಮನೆಯಲ್ಲೇ ಕಾಕ್‌ಟೇಲ್ ಮಾಡುವುದು. ಅಡುಗೆಮನೆಗೆ ನನಗೆ ಪ್ರವೇಶವಿಲ್ಲ, ಚೂರಿ ಬೇಕಾದಾಗ ಮಾತ್ರ ಕರೆಯುತ್ತಾರಂತೆ. ಬೆಳಗ್ಗೆ ಹನ್ನೊಂದಕ್ಕೆ ಅನಾನಸು, ಬಪ್ಪಂಗಾಯಿ, ಹಾಲು, ಸ್ವಲ್ಪ ಸಕ್ಕರೆ ಹಾಕಿ ಮಿಕ್ಸಿಯಲ್ಲಿ ತಿರುಗಿಸಿದರು. ರುಚಿ ನೋಡಿ ಇಬ್ಬರೂ ಕುಣಿದರು. ಅಜ್ಜ ಮಧ್ಯಾಹ್ನದ ನಿದ್ದೆ ಮುಗಿಸಿ ಏಳುವಾಗ ತಣ್ಣಗಿರಲಿ ಎಂದು ಫ್ರಿಜ್‌ನಲ್ಲಿಟ್ಟರು.

ನಾಲ್ಕು ಗಂಟೆಗೆ ಉದ್ದ ಲೋಟದಲ್ಲಿ ಸುರಿದು, ಮೇಲೆ ಟೂಟಿಫ್ರೂಟಿ ಹಾಕಿ, ಮೆರವಣಿಗೆಯಲ್ಲಿ ಚಾವಡಿಗೆ ಒಯ್ದರು. ಅಜ್ಜ ಒಂದು ಗುಟುಕು ಕುಡಿದರು. ಸ್ವಲ್ಪ ತಡೆದು ಇನ್ನೊಂದು ಗುಟುಕು. ಆಮೇಲೆ ಎಷ್ಟೋ ವಾರಗಳಲ್ಲಿ ನಾನು ಕೇಳಿರದ ಒಂದು ಮಾತು ಹೇಳಿದರು.

"ಇದಕ್ಕೆ ರುಚಿ ಉಂಟು!"

ನಾನು ಅಡುಗೆಮನೆಯಿಂದ ಹೊರಗೆ ಬಂದೆ.

"ಕಹಿ" ಎಂದರು. "ಒಳ್ಳೇ ಕಹಿ. ಎಂತ ಹಾಕಿದ್ದು ಮಕ್ಕಳೇ? ಹಾಗಲಕಾಯಿಯಾ?"

ಅನ್ವಿತಾ ತನ್ನ ಲೋಟದಿಂದ ಒಂದು ಗುಟುಕು ಕುಡಿದು ಓಡಿಹೋಗಿ ತೊಟ್ಟಿಯಲ್ಲಿ ಉಗಿದಳು. ನಿಜಕ್ಕೂ ಕಹಿ. ಕಣ್ಣಲ್ಲಿ ನೀರು ತುಂಬಿಕೊಂಡು ಬಂದು, "ಹಾಗಲಕಾಯಿ ಅಲ್ಲ ಅಜ್ಜ, ಅನಾನಸು! ವಾಸನೆಗೇ ಗೊತ್ತಾಗಲ್ವಾ ನಿಮಗೆ?" ಅಂದಳು.

ಅಜ್ಜ ಲೋಟವನ್ನು ಮೂಗಿನ ಹತ್ತಿರ ಹಿಡಿದರು. ಇನ್ನೂ ಹತ್ತಿರ ತಂದರು. "ಇಲ್ಲ" ಎಂದರು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ಆ ಒಂದು "ಇಲ್ಲ" ಕೇಳಿದ ಮೇಲೆ ನನಗೆ ಬುದ್ಧಿ ಬಂತು. ಕಹಿ ತಿಳಿದವರಿಗೆ ಅನಾನಸಿನ ಪರಿಮಳ ತಿಳಿಯಲಿಲ್ಲ ಅಂದರೆ ನಾಲಿಗೆ ಸರಿ ಇದೆ, ಕೆಟ್ಟದ್ದು ಮೂಗು.

ಮೊದಲು ಕಹಿಯ ವಿಷಯ ಮುಗಿಸಿಬಿಡುತ್ತೇನೆ, ಯಾಕೆಂದರೆ ಇದು ಎಷ್ಟೋ ಮನೆಗಳಲ್ಲಿ ಆಗುವ ಅನಾಹುತ. ಹಸಿ ಅನಾನಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವ ಉಂಟು, ಬಪ್ಪಂಗಾಯಿಯಲ್ಲಿ ಪಪೈನ್. ಎರಡಕ್ಕೂ ಒಂದೇ ಕಸುಬು, ಪ್ರೋಟೀನನ್ನು ಕತ್ತರಿಸುವುದು. ಹಾಲಿನ ಪ್ರೋಟೀನು ಉದ್ದನೆಯ ಸರ ಇದ್ದ ಹಾಗೆ. ಅದು ತುಂಡು ತುಂಡಾದಾಗ ಕೆಲವು ತುಂಡುಗಳು ನಾಲಿಗೆಗೆ ಕಹಿಯಾಗುತ್ತವೆ. ಹನ್ನೊಂದು ಗಂಟೆಗೆ ಸಿಹಿಯಾಗಿದ್ದದ್ದು ನಾಲ್ಕಕ್ಕೆ ಹಾಗಲಕಾಯಿ ಆಗುವುದು ಹೀಗೆ. ಜ್ಯೂಸ್ ಅಂಗಡಿಯವರು ತಿರುಗಿಸಿದ ಕೂಡಲೇ ಕೊಡುತ್ತಾರೆ, ನಾವು ಕೂಡಲೇ ಕುಡಿಯುತ್ತೇವೆ, ಕತ್ತರಿಗೆ ಸಮಯ ಸಿಗುವುದಿಲ್ಲ. ಅನಾನಸನ್ನು ಐದು ನಿಮಿಷ ಚೆನ್ನಾಗಿ ಕುದಿಸಿದರೆ ಕಿಣ್ವ ಸತ್ತುಹೋಗುತ್ತದೆ. ಡಬ್ಬಿಯ ಅನಾನಸು ಹಾಲಿಗೆ ಹಾಕಿದರೂ ಕಹಿಯಾಗದ ಗುಟ್ಟು ಇದೇ, ಅದನ್ನು ತುಂಬುವಾಗಲೇ ಕಾಯಿಸಿರುತ್ತಾರೆ. ಹಸಿ ಅನಾನಸು ಹಾಕಿದರೆ ಜೆಲಟಿನ್ ಜೆಲ್ಲಿ ಗಟ್ಟಿಯಾಗದೆ ನೀರಾಗಿಯೇ ಉಳಿಯುವುದೂ ಇದರಿಂದಲೇ, ಜೆಲಟಿನ್ ಪ್ರೋಟೀನು ತಾನೇ. ಚೈನಾ ಗ್ರಾಸ್ ಹಾಗಲ್ಲ, ಅದು ಸಮುದ್ರದ ಪಾಚಿಯಿಂದ ಬರುವುದು, ಕತ್ತರಿಗೆ ಸಿಗುವುದಿಲ್ಲ.

ಆ ಸಂಜೆ ಒಂದು ಪ್ರಯೋಗ ಮಾಡಿದೆವು. ಮೊದಲು ಮಕ್ಕಳ ಸರದಿ. ಕಣ್ಣಿಗೆ ಪಂಚೆಯ ತುಂಡು ಕಟ್ಟಿ, ಮೂಗು ಗಟ್ಟಿ ಹಿಡಿಸಿ, ಬಾಯಿಗೆ ಒಂದು ಚೂರು ಹಣ್ಣು. ಶ್ರೇಯಸ್ ಮುಂಡಪ್ಪ ಮಾವಿನ ಹಣ್ಣನ್ನು ಬಪ್ಪಂಗಾಯಿ ಎಂದ. ಬಪ್ಪಂಗಾಯಿಯನ್ನು "ಸಿಹಿ ಸೌತೆಕಾಯಿ" ಎಂದ. ಮೂಗು ಬಿಟ್ಟ ಕೂಡಲೇ "ಓ! ಮಾವಿನಹಣ್ಣು!" ನೀವೂ ಮಾಡಿ ನೋಡಿ ಮಕ್ಕಳೇ. ನಾಲಿಗೆಗೆ ಗೊತ್ತಿರುವುದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ ಮಾಗಿದ ಟೊಮೆಟೊ, ಅಣಬೆಯಂಥವುಗಳಲ್ಲಿ ಬರುವ ಉಮಾಮಿ ಎಂಬ ಐದನೆಯದು. ಮಾವು ಮಾವಾಗುವುದು, ಹಲಸು ಹಲಸಾಗುವುದು ಮೂಗಿನಲ್ಲಿ. ಅಗಿಯುವಾಗ ಏಳುವ ಪರಿಮಳ ಗಂಟಲಿನ ಹಿಂದಿನ ದಾರಿಯಿಂದ ಮೂಗಿನ ಮೇಲ್ಭಾಗಕ್ಕೆ ಹೋಗುತ್ತದೆ. ನಾವು ಅದನ್ನು ನಾಲಿಗೆಯ ರುಚಿ ಎಂದು ತಪ್ಪು ತಿಳಿಯುತ್ತೇವೆ. (ತಪ್ಪು ತಿಳಿಯುವುದರಲ್ಲಿ ನಾನೂ ಹಿಂದೆ ಬಿದ್ದವಳಲ್ಲ. ನಾಲಿಗೆಯ ತುದಿಗೆ ಸಿಹಿ, ಬುಡಕ್ಕೆ ಕಹಿ ಎಂದು ನಕ್ಷೆ ಬರೆದು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಆ ನಕ್ಷೆಯೇ ಸುಳ್ಳು. ಎಲ್ಲಾ ರುಚಿಯೂ ನಾಲಿಗೆಯ ಎಲ್ಲಾ ಕಡೆ ತಿಳಿಯುತ್ತದೆ. ಆಗ ಅಂಕ ಕಳೆದುಕೊಂಡ ಶಿಷ್ಯರು ಕ್ಷಮಿಸಬೇಕು.)

ಆಮೇಲೆ ಅಜ್ಜನ ಸರದಿ. ಮೂಗು ಹಿಡಿಯಲಿಲ್ಲ, ಕಣ್ಣು ಮಾತ್ರ ಕಟ್ಟಿದೆವು. ಅನಾನಸಿಗೆ "ಹುಳಿ ಸಿಹಿ." ಮಾವಿಗೆ "ಸಿಹಿ, ಮೆತ್ತಗೆ." ಬಪ್ಪಂಗಾಯಿಗೆ "ಸಿಹಿ, ಮೆತ್ತಗೆ, ಅದೇ ಅಲ್ವಾ?" ಪೇರಳೆಯನ್ನು ಮಾತ್ರ ಬೀಜದ ಕರಕರದಿಂದ ಕಂಡುಹಿಡಿದರು. ಶ್ರೇಯಸ್‌ಗೆ ಇದು ಆಟ. ಅನ್ವಿತಾಳಿಗೆ ಅರ್ಥವಾಗಿತ್ತು, ಅವಳು ಬರೆದುಕೊಳ್ಳುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಯಾವಾಗಿನಿಂದ?" ಎಂದು ಕೇಳಿದೆ.

"ಜ್ವರ ಬಂದಾಗಿನಿಂದ ಇರಬೇಕು. ಪ್ರಾಯ ಆಯ್ತಲ್ಲ, ಹೀಗೇ ಆಗುವುದು ಅಂದುಕೊಂಡೆ" ಎಂದರು. ಸ್ವಲ್ಪ ಹೊತ್ತಿನ ನಂತರ, "ನಿನ್ನ ಅಡುಗೆಗೇ ಎಂತದೋ ಆಗಿದೆ ಅಂತಲೂ ಅಂದುಕೊಂಡೆ. ಹೇಳಿದರೆ ನಿನಗೆ ಬೇಜಾರು" ಎಂದರು.

ಹೇಳಿಯೇ ಇದ್ದರಲ್ಲ, ದಿನಕ್ಕೆ ಮೂರು ಸಲ! ನನಗೆ ನಗುವೂ ಬಂತು, ಇನ್ನೊಂದೂ ಬಂತು.

ಇನ್ನೊಂದು ಸಂಗತಿ ಆ ರಾತ್ರಿ ನೆನಪಾಗಿ ನಿದ್ದೆ ಹಾರಿಹೋಯಿತು. ಮಾರ್ಚ್‌ನಲ್ಲಿ ಒಂದು ದಿನ ನಾನು ಹಾಲು ತರಲು ಹೋಗಿ ಬಂದಾಗ ಮನೆಯೊಳಗೆಲ್ಲ ಗ್ಯಾಸಿನ ವಾಸನೆ. ಹಾಲು ಉಕ್ಕಿ ಒಲೆ ಆರಿಹೋಗಿದೆ, ಗುಬುಟು ತೆರೆದೇ ಇದೆ. ಇವರು ಪಕ್ಕದ ಊಟದ ಮೇಜಿನಲ್ಲಿ ಕುಳಿತು ಪದಬಂಧ ಬಿಡಿಸುತ್ತಿದ್ದಾರೆ. ಅವತ್ತು ನಾನು ಇವರಿಗೆ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಬೇಜವಾಬ್ದಾರಿ ಎಂಬುದು ಅದರಲ್ಲಿ ಎಲ್ಲಕ್ಕಿಂತ ಮೆತ್ತಗಿನ ಮಾತು. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಎಂದೇ ಮರ್ಕಾಪ್ಟನ್ ಎಂಬ ಗಬ್ಬು ನಾರುವ ರಾಸಾಯನಿಕ ಸೇರಿಸುತ್ತಾರೆ. ಆ ಗಬ್ಬೂ ತಿಳಿಯದ ಮನುಷ್ಯ ಕಡ್ಡಿ ಗೀರಿದ್ದರೆ? ಕಿಟಕಿಯಾಚೆ ಪಕ್ಕದ ಮನೆಯ ಹಲಸು ಬಿದ್ದು ಒಡೆದು, ನೊಣ ಮುತ್ತಿ, ಇಡೀ ಓಣಿಗೆ ಪರಿಮಳ ಹರಡಿದ್ದಾಗಲೂ ಇವರು ಸುಮ್ಮನಿದ್ದರು. ಹಲಸೆಂದರೆ ಬಾಯಿ ಬಿಡುವವರು. ಆಗಲೂ ನನಗೆ ಹೊಳೆಯಲಿಲ್ಲ.

ಮರುದಿನವೇ ಕಿವಿ-ಮೂಗು-ಗಂಟಲಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಮೂಗಿನೊಳಗೆ ಸಣ್ಣ ಕೊಳವೆ ಹಾಕಿ ನೋಡಿದರು, ಅಲ್ಲಿ ಗಡ್ಡೆ ಏನೂ ಬೆಳೆದಿಲ್ಲ. ವೈರಸ್ ಜ್ವರದ ನಂತರ ಹೀಗಾಗುವುದುಂಟು ಎಂದರು. ಕೊರೊನಾ ಕಾಲದಲ್ಲಿ ಎಷ್ಟೋ ಮಂದಿಗೆ ಆದದ್ದು ನಮಗೆಲ್ಲ ಗೊತ್ತು, ಮಾಮೂಲಿ ಶೀತದ ವೈರಸ್‌ಗಳೂ ಹೀಗೆ ಮಾಡುತ್ತವೆ. ಪ್ರಾಯ ಆದಂತೆ ಮೂಗು ಮಂದವಾಗುವುದೂ ಸಹಜ. ಆದರೆ ವಾಸನೆ ತಿಳಿಸುವ ನರಕೋಶಗಳಿಗೆ ಮತ್ತೆ ಬೆಳೆಯುವ ಗುಣ ಇರುವುದರಿಂದ, ಕೆಲವರಿಗೆ ನಿಧಾನವಾಗಿ ತಿರುಗಿ ಬರುತ್ತದೆ. ಅದಕ್ಕೆ ಒಂದು ವ್ಯಾಯಾಮ ಉಂಟು. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮೆಲ್ ಎಂಬ ವೈದ್ಯರೂ ಅವರ ಜೊತೆಗಾರರೂ 2009ರಲ್ಲಿ ಇದರ ಬಗ್ಗೆ ಬರೆದಿದ್ದರು. ಗುಲಾಬಿ, ನೀಲಗಿರಿ, ಲಿಂಬೆ, ಲವಂಗ, ಈ ನಾಲ್ಕನ್ನು ದಿನಕ್ಕೆರಡು ಸಲ, ಮೂರು ತಿಂಗಳು ಮೂಸುವುದು. ವಾಸನೆ ಬಾರದಿದ್ದರೂ ಆ ವಾಸನೆಯನ್ನು ನೆನಪು ಮಾಡಿಕೊಳ್ಳುತ್ತಾ ಮೂಸುವುದು. ನಮ್ಮಲ್ಲಿ ಗುಲಾಬಿಯ ಬದಲಿಗೆ ಮಲ್ಲಿಗೆ ಇಟ್ಟೆವು. ಇವರಿಗೆ ನೆನಪಿರುವ ಹೂವು ಅದೇ. ಗ್ಯಾಸಿಗೆ ಸೋರಿಕೆ ತಿಳಿಸುವ ಅಲಾರಂ ಹಾಕಿಸಿ ಎಂದೂ ಡಾಕ್ಟರು ಹೇಳಿದರು. ಹಾಕಿಸಿದೆ. ನಿಮ್ಮ ಮನೆಯ ಹಿರಿಯರು ಹಠಾತ್ತನೆ "ಸಪ್ಪೆ, ಸಪ್ಪೆ" ಅನ್ನತೊಡಗಿದರೆ ಅಡುಗೆಯವರ ಮೇಲೆ ಸಿಟ್ಟಾಗುವ ಮೊದಲು, ಅಡುಗೆಯವರು ಅವರ ಮೇಲೆ ಸಿಟ್ಟಾಗುವ ಮೊದಲು, ಒಂದು ಲವಂಗ ಮೂಸಿಸಿ ನೋಡಿ.

ಈಗ ಕಾಕ್‌ಟೇಲ್‌ಗೆ ಬರುತ್ತೇನೆ. ಅನ್ವಿತಾ ಬಿಡಲಿಲ್ಲ. ಮೂಗಿಗೆ ಹೋಗದಿದ್ದರೆ ನಾಲಿಗೆಗೆ, ಹಲ್ಲಿಗೆ, ಗಂಟಲಿಗೆ ಹೋಗುವಂಥದ್ದು ಮಾಡುವಾ ಎಂದಳು. ಅಂದರೆ ಹುಳಿ, ಉಪ್ಪು, ತಣ್ಣಗಿನದು, ಕರಕರ, ಜಾರುವಂಥದ್ದು, ಉರಿ. ಒಳ್ಳೆಮೆಣಸಿನ ಖಾರ, ಶುಂಠಿಯ ಉರಿ, ಪುದೀನದ ತಂಪು ಇವು ನಿಜವಾಗಿ ವಾಸನೆಯೂ ಅಲ್ಲ, ರುಚಿಯೂ ಅಲ್ಲ. ಮುಖಕ್ಕೆ ಬಿಸಿ, ನೋವು, ಸ್ಪರ್ಶ ತಿಳಿಸುವ ಬೇರೊಂದು ನರದ ಕೆಲಸ ಅದು. ಆ ನರ ಅಜ್ಜನಿಗೆ ಗಟ್ಟಿಯಾಗಿಯೇ ಉಂಟು. (ಒಳ್ಳೆಮೆಣಸು ಅಂದ ಕೂಡಲೇ ಶ್ರೇಯಸ್, "ಹಾಗಾದ್ರೆ ಕೆಟ್ಟ ಮೆಣಸು ಯಾವುದು?" ಎಂದ. ಅದು ಕರಿಮೆಣಸು ಕಣೋ.)

ನಾಲ್ಕು ಉದ್ದ ಲೋಟಕ್ಕೆ ಹೀಗೆ ಮಾಡಿದೆವು. ಒಣಗಿದ ಪುನರ್ಪುಳಿ ಸಿಪ್ಪೆ ಎಂಟು-ಹತ್ತು ತೆಗೆದುಕೊಂಡು ತೊಳೆದು, ಒಂದು ಕಪ್ ಉಗುರುಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಿಸುಕಿದೆವು. ಕೆಂಪೆಂದರೆ ಎಂಥಾ ಕೆಂಪು! ಸೋಸಿ ಅದಕ್ಕೆ ಎರಡು ಬೊಂಡದ ನೀರು, ಅರ್ಧ ಇಂಚು ಶುಂಠಿಯ ರಸ, ಒಂದು ಚಿಟಿಕೆ ಉಪ್ಪು, ಆಗಲೇ ಕುಟ್ಟಿದ ಒಳ್ಳೆಮೆಣಸು ಕಾಲು ಚಮಚ. ಇದನ್ನು ಫ್ರಿಜ್‌ನಲ್ಲಿಟ್ಟೆವು. ಅನಾನಸಿನ ಎರಡು ಕಪ್ ಸಣ್ಣ ಹೋಳನ್ನು ಅದರದೇ ರಸದಲ್ಲಿ ಮುಚ್ಚಿ ಐದು ನಿಮಿಷ ಕುದಿಸಿ ಆರಿಸಿದೆವು. ಹಾಲು ಹಾಕದ ಮೇಲೆ ಇದು ಬೇಕೆಂದೇನಿಲ್ಲ, ಆದರೆ ಹಸಿ ಅನಾನಸು ಜಾಸ್ತಿ ತಿಂದರೆ ನಾಲಿಗೆ ಚುರುಚುರು ಅನ್ನುವವರಿಗೆ ಬೇಯಿಸಿದ್ದೇ ಹಿತ. ಮುಂಡಪ್ಪ ಮಾವು ಒಂದು, ಅರೆ ಹಣ್ಣಾದ ಪೇರಳೆ ಒಂದು, ಬಪ್ಪಂಗಾಯಿ ಒಂದು ಕಪ್, ದಾಳಿಂಬೆ ಕಾಳು ಒಂದು ಕಪ್, ಬೊಂಡದೊಳಗಿನ ಎಳೆ ತಿರುಳು ಪಟ್ಟಿ ಪಟ್ಟಿಯಾಗಿ. ಕದಳಿ ಬಾಳೆಹಣ್ಣು ಎರಡು, ಅದನ್ನು ಕೊನೆಗೆ ಹೆಚ್ಚಿ ಲಿಂಬೆರಸ ಸವರಬೇಕು, ಇಲ್ಲದಿದ್ದರೆ ಕಪ್ಪಾಗುತ್ತದೆ.

ಸಕ್ಕರೆ ಹಾಕಲಿಲ್ಲ. ಹಾಗೆಂದು ಸಕ್ಕರೆ ಕಾಯಿಲೆಯವರು ಲೋಟ ತುಂಬಿಸಿಕೊಳ್ಳಬಾರದು, ಹಣ್ಣಿನಲ್ಲೂ ಸಕ್ಕರೆ ಇರುವುದೇ. ನನ್ನದು ಸಣ್ಣ ಲೋಟ, ಬಾಳೆಹಣ್ಣಿಲ್ಲದೆ.

ಪದರ ಇಡುವುದು ಶ್ರೇಯಸ್‌ನ ಹಕ್ಕು. ಅಡಿಯಲ್ಲಿ ದಾಳಿಂಬೆ, ಮೇಲೆ ಮಾವು, ಬಿಳಿ ತಿರುಳು, ಅನಾನಸು, ಪೇರಳೆ, ಐಸ್ ತುಂಡು. ಅಂಚಿನಿಂದ ಮೆಲ್ಲಗೆ ಪುನರ್ಪುಳಿ ಸುರಿದಾಗ ಕೆಂಪು ಬಣ್ಣ ಹಣ್ಣಿನ ಸಂದಿಯಲ್ಲಿ ಇಳಿಯುವುದನ್ನು ನೋಡಲು ಪಕ್ಕದ ಮನೆಯವರೂ ಬಂದರು. ಐಸ್‌ಕ್ರೀಂ ಬೇಕಾದವರು ತಿನ್ನುವ ಹೊತ್ತಿಗೆ ಮೇಲೆ ಒಂದು ಉಂಡೆ ಇಟ್ಟುಕೊಳ್ಳಬಹುದು.

"ಚೆರ್ರಿ ಎಲ್ಲಿ?" ಎಂದ ಶ್ರೇಯಸ್.

ಚೆರ್ರಿಯ ಕಥೆ ಹಳೆಯದು. ನನ್ನ ತಮ್ಮ ದುಬೈಯಲ್ಲಿದ್ದಾಗ ಊರಿಗೆ ಬಂದರೆ ಫ್ರೂಟ್ ಕಾಕ್‌ಟೇಲ್‌ನ ಡಬ್ಬಿ ತರುತ್ತಿದ್ದ. ಸಕ್ಕರೆ ಪಾಕದಲ್ಲಿ ಪೀಚ್, ಪೇರ್, ಅನಾನಸು, ದ್ರಾಕ್ಷಿ, ಅಲ್ಲೊಂದು ಇಲ್ಲೊಂದು ಕೆಂಪು ಚೆರ್ರಿ. ಆ ಒಂದೊಂದು ಚೆರ್ರಿಗೆ ನಮ್ಮ ಮನೆಯ ಮಕ್ಕಳು ಜುಟ್ಟು ಹಿಡಿದು ಜಗಳಾಡಿದ್ದಾರೆ. ಡಬ್ಬಿ ತುಂಬುವವರ ಜಿಪುಣತನ ಎಂದು ನಾನು ಬೈದುಕೊಳ್ಳುತ್ತಿದ್ದೆ. ಅದು ಜಿಪುಣತನ ಅಲ್ಲ, ಕಾಯಿದೆ! ಅಮೆರಿಕದ ಸರಕಾರಿ ನಿಯಮದ ಪ್ರಕಾರ ಆ ಹೆಸರಿನ ಡಬ್ಬಿಯಲ್ಲಿ ಹಣ್ಣಿನ ತೂಕದ ಶೇಕಡಾ 30ರಿಂದ 50 ಪೀಚ್ ಇರಬೇಕು, ಚೆರ್ರಿ ಮಾತ್ರ ಶೇಕಡಾ 2ರಿಂದ 6.

ನಮ್ಮ ಬೇಕರಿಗಳ ಕೇಕಿನ ಮೇಲೆ ಕೂರುವ ಕೆಂಪು ಚೆರ್ರಿ ಹಲವು ಸಲ ಚೆರ್ರಿಯೇ ಅಲ್ಲ. ಗುಡ್ಡದಲ್ಲಿ ಮುಳ್ಳಿನ ಪೊದೆಯಲ್ಲಿ ಬಿಡುವ ಕರಂಡೆಕಾಯಿಯ ಬೀಜ ತೆಗೆದು, ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ಮುಳುಗಿಸಿದ್ದು. ಟೂಟಿಫ್ರೂಟಿಯೂ ಹಾಗೆಯೇ, ಹಸಿ ಬಪ್ಪಂಗಾಯಿಯ ತುಂಡು. ಇದನ್ನು ಹೇಳಿದಾಗ ಇಬ್ಬರಿಗೂ ನಂಬಿಕೆ ಬರಲಿಲ್ಲ. ಹಾಗೆ ನೋಡಿದರೆ ನಮ್ಮ ಲೋಟದಲ್ಲಿ ಅನಾನಸು, ಪೇರಳೆ, ಬಪ್ಪಂಗಾಯಿ ಮೂರೂ ಅಮೆರಿಕ ಖಂಡದವು, ಪೋರ್ಚುಗೀಸರ ಕಾಲದಲ್ಲಿ ಕಡಲು ದಾಟಿ ಬಂದವು. ಪರಂಗಿ ಎಂಬ ಹೆಸರಿನಲ್ಲೇ ಫಿರಂಗಿ ಕೂತಿದ್ದಾನೆ. ಪುನರ್ಪುಳಿ ಮಾತ್ರ ನಮ್ಮ ಘಟ್ಟದ ಅಡಿಯದೇ.

ಅಜ್ಜನಿಗೆ ಕೊಟ್ಟೆವು. ಮೊದಲ ಗುಟುಕಿಗೆ ಶುಂಠಿ ಏರಿ ಕೆಮ್ಮಿದರು. ಎರಡನೆಯದಕ್ಕೆ ಕಣ್ಣು ಕಿರಿದು ಮಾಡಿ "ಹುಳಿ" ಎಂದರು. ಆಮೇಲೆ ಚಮಚ ಅಡಿಗಿಳಿಸಿ ದಾಳಿಂಬೆ ತೆಗೆದು ಕರಕರ ಅಗಿದರು. ಮಾತಾಡಲಿಲ್ಲ. ಲೋಟ ಖಾಲಿಯಾಗುವವರೆಗೂ ಮಾತಾಡಲಿಲ್ಲ. ಜನವರಿಯ ನಂತರ ಇವರ ಎದುರಿನ ಪಾತ್ರೆ ಪೂರ್ತಿ ಖಾಲಿಯಾದದ್ದು ನಾನು ನೋಡಿದ್ದು ಅವತ್ತೇ. "ಇನ್ನು ಸ್ವಲ್ಪ ಉಂಟಾ?" ಎಂದಾಗ ಶ್ರೇಯಸ್ ತನ್ನ ಪಾಲಿನಿಂದ ಎರಡು ಚಮಚ ಹಾಕಿದ. ಲೆಕ್ಕ ಹಾಕಿ ಎರಡೇ.

ಅಲ್ಲಿಂದ ನನ್ನ ಅಡುಗೆಯೂ ಬದಲಾಯಿತು. ಉಪ್ಪು ಏರಿಸದೆ ಲಿಂಬೆ, ಪುನರ್ಪುಳಿ, ಶುಂಠಿ, ಒಳ್ಳೆಮೆಣಸು ಏರಿಸಿದೆ. ಮೆತ್ತಗಿನ ಪಲ್ಯದ ಮೇಲೆ ಹುರಿದ ಕಡಲೆ ಪುಡಿ ಉದುರಿಸಿದೆ. ಕಾಲರು ಇನ್ನೂ ದೂರವೇ ಉಂಟು, ಮುಂಚಿನಷ್ಟಲ್ಲ.

ಮೇ ಕೊನೆಗೆ ಮಕ್ಕಳು ಬೆಂಗಳೂರಿಗೆ ಹೊರಟಾಗ ಅನ್ವಿತಾ ನಾಲ್ಕು ಸಣ್ಣ ಬಾಟಲಿಗೆ ಚೀಟಿ ಅಂಟಿಸಿ ಕಿಟಕಿಯಲ್ಲಿಟ್ಟು ಹೋದಳು. ಮಲ್ಲಿಗೆ, ನೀಲಗಿರಿ, ಲಿಂಬೆ, ಲವಂಗ. ದಿನಾ ರಾತ್ರಿ ಏಳೂವರೆಗೆ ಫೋನ್ ಮಾಡಿ ಲೆಕ್ಕ ಕೇಳುತ್ತಾಳೆ. ಜೂನ್ ಪೂರ್ತಿ ಅಜ್ಜನ ಉತ್ತರ ಒಂದೇ, "ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ." ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದವರು, ಲೆಕ್ಕದಲ್ಲಿ ಸುಳ್ಳು ಹೇಳುವುದಿಲ್ಲ.

ಹೋದ ವಾರ ಲವಂಗದ ಬಾಟಲಿ ಮೂಸಿ ಮುಖ ಸಿಂಡರಿಸಿ ಅದನ್ನು ದೂರ ತಳ್ಳಿದರು. "ಥೂ, ಸುಟ್ಟ ಟಯರಿನ ವಾಸನೆ! ಇದು ಹಾಳಾಗಿದೆ" ಎಂದರು. ನಾನು ಮೂಸಿದೆ, ಲವಂಗವೇ. ಡಾಕ್ಟರಿಗೆ ಫೋನ್ ಮಾಡಿದಾಗ ಅವರು ಖುಷಿಪಟ್ಟರು. ನರಗಳು ತಿರುಗಿ ಬೆಳೆಯುವಾಗ ಕೆಲವರಿಗೆ ಮೊದಲು ತಪ್ಪು ವಾಸನೆ ಬರುತ್ತದಂತೆ, ಏನೂ ಬಾರದಿರುವುದಕ್ಕಿಂತ ಅದು ಒಳ್ಳೆಯ ಲಕ್ಷಣವಂತೆ.

ಆ ರಾತ್ರಿ ಏಳೂವರೆಗೆ ಫೋನ್ ರಿಂಗ್ ಆಗುವ ಮೊದಲೇ ಇವರು ಅದರ ಪಕ್ಕ ಕುಳಿತಿದ್ದರು.

"ಬರ್ಕೋ" ಎಂದರು. "ಮಲ್ಲಿಗೆ ಸೊನ್ನೆ. ನೀಲಗಿರಿ ಸೊನ್ನೆ. ಲಿಂಬೆ ಸೊನ್ನೆ. ಲವಂಗ, ಟಯರು."

ಆ ಕಡೆಯಿಂದ ಇಬ್ಬರೂ ಕಿರುಚಿದ್ದು ಅಡುಗೆಮನೆಯಲ್ಲಿ ಪೇರಳೆ ಹೆಚ್ಚುತ್ತಿದ್ದ ನನಗೂ ಕೇಳಿಸಿತು.